ಸಿಸ್ಟರ್ ಫ್ಲೇವಿಯಾ ಮುಚ್ಚಿಟ್ಟ ಮುತ್ತುಗಳು

ಮೊನ್ನೆ ಅರಸೀಕೆರೆಯ ಚಿನ್ನದಂಗಡಿಯಲ್ಲಿ ನಾನು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಮುತ್ತಿನ ಸರ ಇದೆಯಾ?" ಎಂದೆ. "ಜೋರಾಗೇ ಕೇಳಿ ಅಕ್ಕಾ, ಕದ್ದ ಮಾಲೇನಲ್ಲ," ಎಂದ ಅಂಗಡಿಯವನು, ಇದ್ದವರೆಲ್ಲ ನಕ್ಕರು. ಐವತ್ತು ದಾಟಿದರೂ ಆ ಪದಕ್ಕೆ ನನ್ನ ಕಿವಿ ಕೆಂಪಾಗುವುದು ನಮ್ಮ ಕಾನ್ವೆಂಟಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಫ್ಲೇವಿಯಾ ಅವರಿಂದ. ಪುಸ್ತಕ ನಮ್ಮ ಕೈಗೆ ಬರುವ ಮೊದಲೇ ಅವರು ಅದನ್ನೋದಿ, 'ಮುತ್ತು' ಕಂಡಲ್ಲೆಲ್ಲ ಮೈದಾ ಅಂಟು ಹಚ್ಚಿ ಕಾಗದದ ಚೂರು ಅಂಟಿಸುತ್ತಿದ್ದರು. ಕೆನ್ನೆಯ ಮುತ್ತಿನ ಜೊತೆಗೆ ರಾಣಿಯ ಕೊರಳಿನ ಮುತ್ತೂ ಮುಚ್ಚಿಹೋಗುತ್ತಿತ್ತು. "ಯಾವುದಕ್ಕೂ ಇರಲಿ," ಎನ್ನುತ್ತಿದ್ದರು. ಹಳೇಬೀಡಿನ ಗುಡಿಗೆ ಕರೆದೊಯ್ದಾಗಲೂ, ಮೇಲಿನ ಶೃಂಗಾರ ಶಿಲ್ಪ ನಮ್ಮ ಕಣ್ಣಿಗೆ ಬೀಳದಿರಲೆಂದು, "ಕೆಳಗಿನ ಆನೆ ಸಾಲು ನೋಡ್ರೇ, ಮೇಲೆ ಬರೀ ಬಿಸಿಲು," ಎಂದಿದ್ದರು. ನಾವೋ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಣುಕುತ್ತಿದ್ದೆವು. ಅಷ್ಟು ಆಸೆಯಿಂದ ಆಮೇಲೆ ಯಾವ ಪುಸ್ತಕವನ್ನೂ ನಾನು ಓದಿಲ್ಲ. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಪ್ರತಿ ಭಾನುವಾರ ಕಾನ್ವೆಂಟಿಗೆ ಹೋಗಿ ಅವೇ ಹಳೆಯ ಪುಸ್ತಕಗಳನ್ನು ಓದಿ ಹೇಳುತ್ತೇನೆ. ಚೂರು ಅಂಟಿಸಿದ ಜಾಗ ಬಂದು ನಾನು ತಡವರಿಸಿದರೆ, ಮಂಚದ ಮೇಲಿಂದಲೇ "ಮುತ್ತು" ಎಂದು ತುಂಬಿಕೊಡುತ್ತಾರೆ, ಒಂದನ್ನೂ ಮರೆತಿಲ್ಲ. ಕಳೆದ ವಾರ ಕೇಳಿಯೇಬಿಟ್ಟೆ: "ಇದು ಯಾವ ಮುತ್ತು ಸಿಸ್ಟರ್?" "ಸರದ್ದಲ್ಲ ಕಣೇ," ಎಂದರು ಅವರು, ನಗದೆ. "ಮುಂದೆ ಓದು."