ಒಂದೇ ಉಸಿರಿಗೆ ಎರಡು ಸ್ವರ

ಮೊನ್ನೆ ಹೈದರಾಬಾದಿನಿಂದ ನನಗೊಂದು ಸ್ವರಲಿಪಿ ಬಂತು. ಬರೆದವಳು ಹೊಸ ಬಗೆಯ ಸಂಗೀತ ಕಟ್ಟುವ ಹುಡುಗಿ. ಗದ್ವಾಲದ ಒಂದು ಮದುವೆಯಲ್ಲಿ ಊಟದ ಸರದಿಗೆ ಕಾಯುತ್ತ, ನನ್ನ ಕ್ಲಾರಿನೆಟ್ಟಿನಲ್ಲಿ ಅವಳಿಗೆ ಕೆಲವು ಚೇಷ್ಟೆಯ ಸದ್ದು ಮಾಡಿ ತೋರಿಸಿದ್ದೆ. ಅದೇ ಈಗ ಹಾಳೆಗಿಳಿದಿದೆ. ಲಿಪಿ ಓದುವುದು ನನಗೆ ಅಷ್ಟಕ್ಕಷ್ಟೆ. ಪುಣ್ಯಕ್ಕೆ ಪಕ್ಕದಲ್ಲೇ ತೆಲುಗಿನಲ್ಲಿ ಬರೆದಿದ್ದಳು. ಇಲ್ಲಿ ಸ್ವರ ಬೇಡ, ಬರೀ ಉಸಿರು. ಇಲ್ಲಿ ಊದಬೇಡಿ, ಬೆರಳಿನಿಂದ ಕೀಗಳನ್ನಷ್ಟೇ ಬಡಿಯಿರಿ. ಇಲ್ಲಿ ಒಂದೇ ಉಸಿರಿಗೆ ಎರಡು ಸ್ವರ. ನೀವೇ ಹೇಳಿ, ಇದನ್ನೆಲ್ಲ ಮಾಡಿದ್ದಕ್ಕೇ ಅಲ್ಲವೇ ನಮ್ಮಂಥ ಲಗ್ನದ ಬ್ಯಾಂಡಿನವರು ಬೈಸಿಕೊಳ್ಳುವುದು? ಕೊನೆಗೊಂದು ಪ್ರಶ್ನೆ: ಈ ವಿದ್ಯೆ ಯಾರದು? ಹೆಸರು ಅಚ್ಚು ಹಾಕಿಸಬೇಕು.

ವಿದ್ಯೆ ನಾರಾಯಣಪೇಟೆಯ ಚಂದಪ್ಪ ಮಾಮನದು, ನನ್ನ ಸೋದರಮಾವ. ವಾರವೆಲ್ಲ ಮಗ್ಗ, ಲಗ್ನದ ದಿನ ಬ್ಯಾಂಡು. ಕ್ಲಾರಿನೆಟ್ಟಿನ ತುಂಡುಗಳು ಕೂಡುವ ಜಾಗ ಸಡಿಲಾದರೆ ಸೀರೆ ಅಂಚಿನ ರೇಷ್ಮೆ ಎಳೆ ಸುತ್ತಿ ಬಿಗಿ ಮಾಡುತ್ತಿದ್ದರು. ಅತ್ತೆಯ ಮೈಮೇಲಿದ್ದದ್ದಕ್ಕಿಂತ ಹೆಚ್ಚು ರೇಷ್ಮೆ ನಮ್ಮ ವಾದ್ಯಗಳ ಮೇಲಿತ್ತು. ನೇಯ್ದು ಬೇಸರವಾದರೆ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡೇ, ಕೀ ಬಡಿದು ಕೋಳಿ ಕಾಳು ಹೆಕ್ಕಿದಂತೆ ಟಕಟಕ ಅನ್ನಿಸುತ್ತಿದ್ದರು. ಆಮೇಲೆ ಒಂದು ತೂತು ಅರ್ಧ ಬಿಟ್ಟು ಕೆಳದುಟಿ ಸಡಿಲಿಸಿದರೆ, ದಪ್ಪ ದನಿಯ ಬೆನ್ನ ಮೇಲೆ ಒಂದು ತೆಳು ದನಿ ಏಳುತ್ತಿತ್ತು. ನನಗೂ ಕಲಿಸಿದರು, ಕಲಿಸಿ ಹೆದರಿಸಿದರು.

“ಇದು ಮನ್ಯಾಗ ಅಷ್ಟೇ. ಲಗ್ನದಾಗ ಊದಿದ್ರ ಕೈ ಮುರೀತೀನಿ.”

ಇಪ್ಪತ್ತರ ವಯಸ್ಸು ಯಾರ ಮಾತು ಕೇಳುತ್ತದೆ? ಮಕ್ತಲದಲ್ಲೊಂದು ಲಗ್ನ, ಮಾಮನ ಪಕ್ಕ ನಾನೂ ಕ್ಲಾರಿನೆಟ್ಟು ಹಿಡಿದು ನಿಂತಿದ್ದೆ. ತಾಳಿ ಕಟ್ಟುವಾಗ ಸೀನು, ಕೆಟ್ಟ ಮಾತು ಯಾರ ಕಿವಿಗೂ ಬೀಳಬಾರದೆಂದು ಗಟ್ಟಿಮೇಳ ಬಾರಿಸುವುದು ನಿಮಗೆ ಗೊತ್ತೇ ಇದೆ. ಆ ಗದ್ದಲದಲ್ಲಿ ಯಾರಿಗೆ ಕೇಳೀತು ಎಂದುಕೊಂಡು ನಾನು ಕಣ್ಣು ಮುಚ್ಚಿ ಎರಡು ದನಿ ಎಬ್ಬಿಸಿದೆ. ನನ್ನ ಗ್ರಹಚಾರ, ಅಷ್ಟರಲ್ಲಿ ಪುರೋಹಿತರು ಸಾಕೆಂದು ಕೈ ಎತ್ತಿದರು, ಡ್ರಮ್ಮು ಡೋಲು ಎಲ್ಲ ನಿಂತವು. ಚಪ್ಪರದ ತುಂಬ ನನ್ನ ಸೀಳು ದನಿಯೊಂದೇ ಉಳಿಯಿತು.

“ಯಾರ್ರೀ ಅದು, ತಾಳಿ ಬಿದ್ದ ಗಳಿಗ್ಯಾಗ ಅಳೋರು?” ಮದುಮಗಳ ಅಜ್ಜಿ ಎದ್ದು ನಿಂತಳು.

ನಾನು ಬಾಯಿಂದ ವಾದ್ಯ ತೆಗೆಯುವುದರೊಳಗೆ ಮಾಮ ಮುಂದೆ ಹೋಗಿ ಕೈ ಮುಗಿದಿದ್ದರು. “ನಂದು ರೀ ಅವ್ವಾರ. ಪೀಪಿ ಬಾಯಾಗಿನ ರೀಡ್ ಸೀಳಿ ಹೋತು. ತಪ್ಪಾತು.”

ಜೀವಮಾನದಲ್ಲಿ ಒಂದು ಸ್ವರವನ್ನೂ ಒಡೆಯದಿದ್ದ ಮನುಷ್ಯ. ನಾನು ಸುಮ್ಮನೆ ನಿಂತೆ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ. ಮಕ್ತಲದವರು ಅವರನ್ನು ‘ಒಡಕು ಪೀಪಿ ಚಂದಪ್ಪ’ ಎಂದು ಕರೆಯತೊಡಗಿದರು, ಲಗ್ನಕ್ಕೆ ಕರೆಯುವುದನ್ನು ಬಿಟ್ಟರು. ಮಾಮ ನನ್ನ ಕೈ ಮುರಿಯಲಿಲ್ಲ. ಆ ಮಾತನ್ನೇ ಎತ್ತಲಿಲ್ಲ. ನನಗೆ ಹೊಡೆತವೇ ಎಷ್ಟೋ ವಾಸಿ ಅನ್ನಿಸುತ್ತಿತ್ತು.

ಇದೆಲ್ಲ ಎಷ್ಟೋ ವರ್ಷದ ಹಿಂದಿನ ಮಾತು. ಈಗ ಆ ಹುಡುಗಿಯ ಹಾಳೆ ಹಿಡಿದು ಗದ್ವಾಲದಿಂದ ನಾರಾಯಣಪೇಟೆಗೆ ಹೋದೆ. ಮಾಮನಿಗೀಗ ಹಲ್ಲಿಲ್ಲ, ಊದಲಾಗದು. ನಾನು ಊದಿದ್ದನ್ನು ಪೂರ್ತಿ ಕೇಳಿ, “ತುಟಿ ಇನ್ನೊಂದೀಟು ಸಡ್ಲ ಬಿಡು” ಅಂದರು.

“ಮಾಮಾ, ಯಾರ ವಿದ್ಯೆ ಅಂತ ಹೆಸರು ಕೇಳ್ಯಾರ. ನಿಮ್ದು ಬರೀತೀನಿ.”

“ಬ್ಯಾಡೋ. ಅವತ್ತು ತಪ್ಪು ಅಂದ್ರು, ನಂದು ಅಂದೆ. ಇವತ್ತು ಚೆಂದ ಐತಿ ಅಂತಾರ. ನಿಂದು ಅಂತ ಬರಿ.”

ಹೊರಗೆ ಬಂದು ಆ ಹುಡುಗಿಗೆ ಫೋನು ಮಾಡಿ ಮಾಮನ ಹೆಸರನ್ನೇ ಹೇಳಿದೆ. ಗದ್ವಾಲಕ್ಕೆ ಮರಳುವ ಬಸ್ಸು ಮಕ್ತಲದ ಮೇಲೆಯೇ ಹೋಗುತ್ತದೆ. ಟಿಕೇಟು ಗದ್ವಾಲದ ತನಕ ಇದ್ದರೂ ಅಲ್ಲೇ ಇಳಿದೆ. ಲಗ್ನ ನಡೆದಿದ್ದ ಮನೆಯ ಬಾಗಿಲು ತೆರೆದವರು ಅಂದಿನ ಮದುಮಗಳ ತಮ್ಮ, ಈಗ ಆ ಮನೆಯ ಹಿರಿಯರು.

“ಅಣ್ಣಾರ,” ಅಂದೆ, “ನಿಮ್ಮ ಅಕ್ಕನ ಲಗ್ನದಾಗ ಒಡಕು ಊದಿದಾಂವ ಚಂದಪ್ಪ ಅಲ್ರೀ. ನಾನು.”