ದೊಡ್ಡಪ್ಪ ತಂದ ಸ್ವಾತಂತ್ರ್ಯ

ಇವತ್ತು ಬೆಳಿಗ್ಗೆ ಮಾದಾಪುರದ ಇಸ್ತ್ರಿ ಅಂಗಡಿಯಲ್ಲಿ ಗಂಜಿ ಹಾಕಿದ ಖಾದಿಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ದೇಶಭಕ್ತಿ ಉಕ್ಕೀತು. ನನಗೆ ನೆನಪಾಗುವುದು ನಮ್ಮ ದೊಡ್ಡಪ್ಪ.

ಸನತ್‌ನಗರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ದೊಡ್ಡಪ್ಪನಿಗೆ ದೇವರು ಧಾರಾಳವಾಗಿ ಕೊಟ್ಟದ್ದು ಬೋಳು ತಲೆ, ಕಡ್ಡಿ ಕಾಲು. ಹಾಗಾಗಿ ಪ್ರತಿ ಆಗಸ್ಟ್ ಹದಿನೈದಕ್ಕೆ ಕಾಲೊನಿಯ ಕನ್ನಡಿಗರು ಸ್ವಾತಂತ್ರ್ಯ ತಂದ ಆ ದೊಡ್ಡ ನಾಯಕರ ವೇಷವನ್ನು ಅವನಿಗೇ ಕಟ್ಟುತ್ತಿದ್ದರು. ನಾಯಕರು ಧೋತರಕ್ಕೆ ಗಂಜಿ ಹಾಕುತ್ತಿದ್ದರೋ ಇಲ್ಲವೋ, ದೊಡ್ಡವ್ವ ಹಾಕುತ್ತಿದ್ದಳು. ಕೂತರೆ ಹಪ್ಪಳ ಮುರಿದ ಸದ್ದು. ವೇಷದಲ್ಲಿದ್ದಾಗ ಸುಳ್ಳಾಡಬಾರದೆಂಬುದು ದೊಡ್ಡಪ್ಪನದೇ ಕಟ್ಟಳೆ. ಉಳಿದ ದಿನ ಯಾವ ಅಡ್ಡಿಯೂ ಇರಲಿಲ್ಲ.

ಭಾಷಣ ವರ್ಷವೂ ಒಂದೇ. "ಬಂದೂಕ ಹಿಡೀಲಿಲ್ಲ, ಬೈಲಿಲ್ಲ. ಜೇಲಿಗೆ ಹಾಕಿದ್ರ ಹೋದ್ರು, ಬಿಟ್ರ ಬಂದು ಮತ್ತ ಅದನ್ನ ಹೇಳಿದ್ರು: ನಮ್ಮ ದೇಶದ್ದು ನಮ್ಮನ್ನ ಕೇಳ್ರಿ! ಇಂಥಾ ಹಟಮಾರಿ ಮನಿಷ್ಯಾನ ಕೂಡ ಯಾರು ಹೆಣಗತಾರ್ರಿ? ಇಂಗ್ಲಿಷರು ಬ್ಯಾಸತ್ತು ಹೋದ್ರು." ಇತಿಹಾಸದ ಪುಸ್ತಕಗಳು ಇದನ್ನೇ ಉದ್ದಕ್ಕೆ ಎಳೆದಿವೆ, ಅಷ್ಟೇ.

ಒಂದು ವರ್ಷ ಅಪ್ಪ, ಹೇಗೂ ಕಾರ್ಖಾನೆಗೆ ರಜೆ ಎಂದು, ಅಕ್ಕನನ್ನು ನೋಡಲು ಬರುವವರಿಗೆ ಅದೇ ದಿನ ಹೇಳಿಬಿಟ್ಟ. ಅಕ್ಕನಿಗೆ ಡಿಪ್ಲೊಮಾ ಮುಗಿಸುವ ಆಸೆ. ಗಂಡಿನವರಿಗೆ ತಿಂಗಳೊಳಗೆ ಮದುವೆಯಾಗಬೇಕು. ಬೆಳಗಿನಿಂದ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಲೆಯ ಹೊಗೆ ಎಂದುಕೊಂಡೆವು, ನಮ್ಮನೆಯಲ್ಲಿದ್ದದ್ದು ಗ್ಯಾಸು.

ಅವಲಕ್ಕಿ ಚೂಡಾ, ಚಹಾ ಬಂದವು. ಅಷ್ಟರಲ್ಲಿ ಝಂಡಾ ಹಾರಿಸಿ ಮುಗಿಸಿದ ದೊಡ್ಡಪ್ಪ ಕೋಲೂರಿಕೊಂಡು ವೇಷದಲ್ಲೇ ಒಳಬಂದ. ಗಂಡಿನ ಸೋದರಮಾವ ಗಾಬರಿಯಾಗಿ ಎದ್ದುನಿಂತು ಕೈಮುಗಿದ. ಸಾವರಿಸಿಕೊಂಡು, "ಹಿರಿಯಾರು ನೀವ ಹೇಳ್ರಿ. ಹುಡುಗಿಗೆ ಒಪ್ಪಿಗಿ ಐತಿಲ್ರಿ?" ಎಂದ. ಉಪಚಾರದ ಮಾತು, ಹೂಂ ಎಂದಿದ್ದರೆ ಎಲೆಅಡಿಕೆ ಬದಲಾಗುತ್ತಿತ್ತು. ಹೂಂ ಅನ್ನು ಎಂದು ಅಪ್ಪ ಕಣ್ಸನ್ನೆ ಮಾಡಿದ.

ದೊಡ್ಡಪ್ಪ ಒಮ್ಮೆ ತನ್ನ ಧೋತರ ನೋಡಿಕೊಂಡ. "ಅಕಿನ್ನ ನಾವು ಕೇಳೇ ಇಲ್ರಿ," ಎಂದ. ಅಕ್ಕನ ಕಡೆ ತಿರುಗಿ, "ಸುಮಾ, ನಿನಗ ಈ ಮದುವಿ ಬೇಕೇನವ್ವಾ?"

"ಬ್ಯಾಡ್ರಿ ದೊಡ್ಡಪ್ಪ. ನಾ ಕಲೀಬೇಕು."

ಗಂಡಿನವರು ಚೂಡಾ ಪೂರ್ತಿ ತಿಂದೇ ಎದ್ದರು. ಅಪ್ಪ ಬಹಳ ದಿನ ತನ್ನ ಅಣ್ಣನೊಂದಿಗೆ ಮಾತು ಬಿಟ್ಟ. ಅಕ್ಕ ಈಗ ನಾಚಾರಂನಲ್ಲಿ ತನ್ನದೇ ಸಣ್ಣ ಕಾರ್ಖಾನೆ ನಡೆಸುತ್ತಾಳೆ. ತಾನೇ ಆರಿಸಿದ ಗಂಡನೊಂದಿಗೆ ಸ್ವತಂತ್ರವಾಗಿ ಜಗಳವಾಡುತ್ತಾಳೆ. ಈಗಿಲ್ಲದ ದೊಡ್ಡಪ್ಪನ ಕಾಲಿಗೆ ಒಮ್ಮೆ ಬೀಳಬೇಕಿತ್ತು ಎಂದು ನನಗೆ ನಿಜವಾಗಿಯೂ ಅನಿಸುತ್ತದೆ.

ಅಂಗಡಿಯಿಂದ ನೇರ ಮನೆಗೆ ಬಂದೆ. ಭಾನುವಾರ ನನ್ನ ಮಗಳನ್ನು ನೋಡಲು ಬರುವವರಿದ್ದರು. ಅವಳನ್ನು ಮೊದಲ ಸಲ ಕೇಳಿದೆ.

"ನಾ ಒಲ್ಲೆ ಪಪ್ಪಾ," ಎಂದಳು. "ಕೇಳತೀರೋ ಇಲ್ಲೋ ಅಂತ ನೋಡಾಕತ್ತಿದ್ದೆ."

ಈಗ ಗಂಡಿನವರಿಗೆ ಫೋನು ಹಚ್ಚಿದ್ದೇನೆ. ರಿಂಗಾಗುತ್ತಿದೆ. ಅವರು ಎತ್ತದಿದ್ದರೆ ಸಾಕು.