ಚಿಕ್ಕಮ್ಮನ ವೃಕ್ಷಾಸನ

ಚಿಕ್ಕಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಾಳೆ. ಹದಿನೆಂಟು ವರ್ಷ ನಿಂತೇ ದುಡಿದು ಸೊಂಟ ಹಿಡಿದುಕೊಂಡಾಗ, ಡಾಕ್ಟರ ಚೀಟಿ ತೋರಿಸಿ, ಕಾಡಿ ಬೇಡಿ ಒಂದು ಸ್ಟೂಲು ಪಡೆದಿದ್ದಳು. ಇಡೀ ಸಾಲಿಗೆ ಅದೊಂದೇ ಸ್ಟೂಲು.

ಈ ವರ್ಷ ಕಾರ್ಖಾನೆಯವರು ಕೆಲಸಕ್ಕೆ ಮೊದಲು ಹಠಯೋಗ ಹೇಳಿಕೊಡಲು ಒಬ್ಬ ಟೀಚರನ್ನು ಕರೆಸಿದರು.

"ಹ ಅಂದ್ರೆ ಸೂರ್ಯ, ಠ ಅಂದ್ರೆ ಚಂದ್ರ. ಒಳಗಿನ ಬಿಸಿ, ತಂಪು ಎರಡೂ ಹದವಾಗಿರಬೇಕು" ಎಂದರು ಟೀಚರ್. ದಿನವಿಡೀ ಉಗಿಯಲ್ಲಿ ಬೇಯುವವಳಿಗೆ ಆ ಮಾತು ಹಿಡಿಸಿತು. ಉಸಿರಿನ ಜೊತೆ ಬಾಗುವುದನ್ನು ಕಲಿತಳು. ಮೂರು ತಿಂಗಳಲ್ಲಿ ಸೊಂಟ ಸಡಿಲವಾಯಿತು, ನಿದ್ದೆ ಬರತೊಡಗಿತು. ವೃಕ್ಷಾಸನದಲ್ಲಿ ಕಣ್ಣು ಮುಚ್ಚಿ ನಿಂತರೆ ಗಾಳಿ ಇಲ್ಲದ ಹೊತ್ತಿನ ಮರದ ಹಾಗಿರುತ್ತಿದ್ದಳು.

ಅದನ್ನು ಸೂಪರ್‌ವೈಸರ್ ನೋಡಿದ.

"ಏನಕ್ಕಾ, ಒಂಟಿ ಕಾಲಲ್ಲೇ ಇಷ್ಟೊತ್ತು ನಿಲ್ತೀರ! ಎರಡು ಕಾಲಿದ್ದೂ ಸ್ಟೂಲ್ ಯಾಕೆ?"

"ಅದು ಎರಡು ನಿಮಿಷಪ್ಪ, ಇದು ಹತ್ತು ಗಂಟೆ."

ಸಾಲಿನವರೆಲ್ಲ ನಕ್ಕರು. ಅವನೂ ನಗುತ್ತಲೇ ಸ್ಟೂಲು ಎತ್ತಿಕೊಂಡು ಹೋದ.

ಈಗ ಚಿಕ್ಕಮ್ಮ ಕಾರ್ಖಾನೆಯ ತರಗತಿಯಲ್ಲಿ ಬೇಕೆಂದೇ ತೂರಾಡುತ್ತಾಳೆ. "ಚೆನ್ನಾಗಿ ಮಾಡ್ತಿದ್ರಲ್ಲ, ಏನಾಯ್ತು?" ಎಂದು ಟೀಚರ್ ಕೇಳಿದರೆ, ಸೂಪರ್‌ವೈಸರ್ ಕಡೆ ನೋಡುತ್ತಾ ಸೊಂಟ ಹಿಡಿದುಕೊಳ್ಳುತ್ತಾಳೆ. ಆಸನಗಳನ್ನೆಲ್ಲ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುತ್ತಾಳೆ. ಪಕ್ಕದ ಮನೆಯವಳೂ ಅದೇ ಕಾರ್ಖಾನೆಗೆ ಹೋಗುವುದರಿಂದ ಕಿಟಕಿಯನ್ನೂ ಮುಚ್ಚುತ್ತಾಳೆ.